ನಗುಮನೆಯ ನೇರ ಪ್ರಸಾರ

“ಇನ್ನೊಂದು ಸಲ ಹತ್ತೋಣ. ಪುಟ್ಟಿ ನಕ್ಕೇ ಇಲ್ಲ,” ಎಂದ ಯಜಮಾನ.

ಪುಟ್ಟಿ ನಗುವುದಿರಲಿ, ಸರಿಯಾಗಿ ಉಸಿರೂ ಆಡಿರಲಿಲ್ಲ. ಐದು ವರ್ಷದ ಕೂಸು, ದೋಣಿ ಉಯ್ಯಾಲೆಯಿಂದ ಇಳಿದವಳೇ ಕಂಬಿ ಹಿಡಿದು ಮುದುರಿಕೊಂಡು ನಿಂತಿದ್ದಳು. ಅಷ್ಟು ದೊಡ್ಡ ಕಬ್ಬಿಣದ ದೋಣಿ ಆಕಾಶಕ್ಕೆ ಏರಿ ಹಿಮ್ಮುಖವಾಗಿ ಜಾರುವಾಗ ಎಂಥ ಗಂಡಸಿನ ಮುಖವೂ ಬಿಳಿಚಿಕೊಳ್ಳುತ್ತದೆ. ಆದರೆ ‘ನಗುಮನೆ’ಯಲ್ಲಿ ಅದಕ್ಕೆಲ್ಲ ಅವಕಾಶವಿಲ್ಲ.

‘ನಗುಮನೆ’ ಎಂದರೆ ಈ ಮನೆಯವರ ವಿಡಿಯೋ ಚಾನೆಲ್. ಅದರಲ್ಲಿ ಎದ್ದರೆ ನಗು, ಹಲ್ಲುಜ್ಜಿದರೆ ನಗು, ಹಾಲು ಉಕ್ಕಿ ಒಲೆ ಆರಿದರೂ ನಗು. ನೋಡುವವರು ಯಜಮಾನನನ್ನು ಅಣ್ಣ ಅನ್ನುತ್ತಾರೆ, ಅವನ ಪಕ್ಕ ನಿಂತು ನಗುವವಳನ್ನು ಅತ್ತಿಗೆ ಅನ್ನುತ್ತಾರೆ. ಅತ್ತಿಗೆಯ ಹಲ್ಲುಸಾಲಿಗೆ ದೃಷ್ಟಿಯಾಗದಿರಲಿ ಎಂದು ದಿನವೂ ಹಾರೈಕೆ. ಅಣ್ಣ ಅವಳನ್ನು ಅಪ್ಪಿತಪ್ಪಿಯೂ ಏಕವಚನದಲ್ಲಿ ಮಾತಾಡಿಸಿದ್ದಿಲ್ಲ. ಬಾಯಿ ತೆರೆದರೆ ‘ಹೋಗಿ, ಬನ್ನಿ’. ಎಷ್ಟೋ ಹೆಂಗಸರು ತಮ್ಮ ಗಂಡಂದಿರ ಮೂಗಿನೆದುರು ಆ ವಿಡಿಯೋ ಹಿಡಿದು, ನೋಡಿ ಕಲೀರಿ ಎಂದಿದ್ದಾರೆ.

ಇದೆಲ್ಲ ಸುಮ್ಮನೆ ಆದದ್ದಲ್ಲ. ಮೊಟ್ಟಮೊದಲ ವಿಡಿಯೋದ ಕೆಳಗೆ ಯಾರೋ ಪುಣ್ಯಾತ್ಮ ‘ಕಳೆಯೇ ಇಲ್ಲ’ ಎಂದು ಬರೆದಿದ್ದ. ಯಜಮಾನನಿಗೆ ಅವತ್ತು ಊಟ ಸೇರಲಿಲ್ಲ. ಆ ವಿಡಿಯೋ ಅಳಿಸಿಹಾಕಿದ. ಪರದೆ ಬದಲಾಯಿಸಿದ, ದೀಪ ಬದಲಾಯಿಸಿದ, ಸೋಫಾ ಬದಲಾಯಿಸಿದ. ಕಳೆಯಿಲ್ಲದ್ದು ಅಂತ ಏನೇನು ಕಂಡಿತೋ ಎಲ್ಲವನ್ನೂ ಬದಲಾಯಿಸಿದ. ಆಮೇಲೆ ನೋಡಬೇಕಿತ್ತು ಚಾನೆಲ್ಲಿನ ದರ್ಬಾರು.

ಪುಟ್ಟಿಗೂ ಅಭಿಮಾನಿಗಳಿಗೆ ಬರವಿಲ್ಲ. ಪಕ್ಕದಲ್ಲಿ ಯಾರೇ ಇರಲಿ, ಏನೇ ನಡೆಯಲಿ, ಅವಳ ಕಣ್ಣು ಮಾತ್ರ ಕ್ಯಾಮೆರಾದ ಕಡೆಗೇ. ಹುಟ್ಟು ಕಲಾವಿದೆ, ಹೇಳಿಕೊಟ್ಟು ಬರುವುದಲ್ಲ ಇದು, ಎಂದು ಜನ ಕೊಂಡಾಡುತ್ತಾರೆ.

ಇವತ್ತು ಇಲ್ಲಿಗೆ ಕರೆಸಿದವನು ಈ ಮನರಂಜನಾ ಪಾರ್ಕಿನ ಮ್ಯಾನೇಜರು. ಹೆಬ್ಬಾಗಿಲಿನ ಮೇಲೆ ಒಂದು ಕುಟುಂಬದ ಚಿತ್ರ ಆಳೆತ್ತರಕ್ಕೆ ನಿಲ್ಲಬೇಕು, ಬರುವ ವರ್ಷವಿಡೀ. ಅದು ‘ನಗುಮನೆ’ಯದೇ ಆಗಬಹುದು, ಆದರೆ ಕತ್ತರಿಸಿ ಅಂಟಿಸಿದ ವಿಡಿಯೋ ಬೇಡ, ದೋಣಿ ಹತ್ತಿ ಇಳಿಯುವವರೆಗೆ ನೇರ ಪ್ರಸಾರ ಬೇಕು ಎಂದಿದ್ದ. ಮಗು ನಗಬೇಕು, ಜನ ನಂಬಬೇಕು. ಈಗ ಮುಗಿದದ್ದು ಬರೀ ತಾಲೀಮು. ಮ್ಯಾನೇಜರು ಕಂಬಿಯ ಆಚೆ ಫೋನು ಹಿಡಿದು ಕಾಯುತ್ತಿದ್ದ.

“ಬೇಡ. ಅವಳಿಗೆ ಹೊಟ್ಟೆ ತೊಳಸ್ತಿದೆ. ಮುಖ ನೋಡಿದ್ರೆ ಗೊತ್ತಾಗಲ್ವಾ?” ಎಂದು ಮೆಲ್ಲಗೆ ಹೇಳಿದವಳು ಕ್ಯಾಮೆರಾದವಳು. ಬಣ್ಣ ಮಾಸಿದ ಉಡುಪಿನ ಹೆಂಗಸು. ಕ್ಯಾಮೆರಾ ಚೀಲ, ನೀರಿನ ಬಾಟಲಿ, ಪುಟ್ಟಿಯ ಬದಲಿ ಫ್ರಾಕು, ಎಲ್ಲ ಅವಳ ಹೆಗಲಿಗೇ. ಅತ್ತಿಗೆಯ ಕೈಯಲ್ಲಿ ಒಂದು ಕನ್ನಡಿ ಮಾತ್ರ.

“ನಿನ್ನ ಕೆಲಸ ಕ್ಯಾಮೆರಾ ಹಿಡಿಯೋದು. ಅಷ್ಟು ಮಾಡು, ಸಾಕು.” ಯಜಮಾನ ಅತ್ತಿಗೆಯ ಕಡೆ ತಿರುಗಿದ್ದೇ ದನಿಗೆ ಬೆಣ್ಣೆ ಬಂತು. ಟೋಪಿ ಸ್ವಲ್ಪ ಹಿಂದೆ ಸರಿಸಿಕೊಳ್ಳಿ, ಹಣೆ ಕಾಣಲಿ, ಎಂದ.

ಆಮೇಲೆ ಪುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚಾಕೊಲೇಟು ತೋರಿಸಿದ. ಪ್ರತಿ ವಿಡಿಯೋಗೂ ಮುಂಚೆ ಈ ಪಾಠ ಆಗಲೇಬೇಕು.

“ರೂಲ್ಸ್ ಏನು?”

“ಅಳಬಾರದು. ಕರೀಬಾರದು.”

“ಇಳಿದ ಮೇಲೆ?”

“ಓಡಿ ಹೋಗಿ ತಬ್ಕೋಬೇಕು.”

“ಯಾರನ್ನ?”

ಪುಟ್ಟಿ ಬಿಳಿ ಟೋಪಿಯ ಕಡೆ ಬೆರಳು ತೋರಿಸಿದಳು. ಜಾಣೆ ಎಂದು ಯಜಮಾನ ಅವಳ ತಲೆ ಸವರಿದ.

ದೋಣಿಯಲ್ಲಿ ಸೀಟುಗಳು ಎದುರುಬದುರು. ಒಂದು ಕಡೆ ಯಜಮಾನ, ಪುಟ್ಟಿ, ಅತ್ತಿಗೆ. ಇನ್ನೊಂದು ಕಡೆ ಕ್ಯಾಮೆರಾವನ್ನು ಅಂಗೈಗೆ ಬಿಗಿದುಕೊಂಡ ಕ್ಯಾಮೆರಾದವಳು. ಪ್ರಸಾರ ಶುರುವಾಯಿತು, ದೋಣಿ ಕದಲಿತು.

ಅತ್ತಿಗೆ ಟೋಪಿಗೆ ಒಂದು ಕೈ ಕೊಟ್ಟು ಚೆಂದವಾಗಿ ಕಿರುಚಿದಳು. ನೋಡಿ ನಮ್ಮ ಪುಟ್ಟಿಗೆ ಎಷ್ಟು ಧೈರ್ಯ ಎನ್ನುತ್ತ ಯಜಮಾನ ತಾನೇ ಕಂಬಿಗೆ ಜೋತುಬಿದ್ದಿದ್ದ. ಪುಟ್ಟಿ ತುಟಿ ಕಚ್ಚಿಕೊಂಡು ಕ್ಯಾಮೆರಾ ನೋಡುತ್ತಿದ್ದಳು. ದೋಣಿ ತುದಿ ಮುಟ್ಟಿದಾಗ ಎರಡೂ ಕೈ ಕ್ಯಾಮೆರಾದ ಕಡೆಗೆ ಚಾಚಿದಳು. ಪರದೆಯ ತುಂಬ ಕೆಂಪು ಹೃದಯಗಳು ಹಾರಿದವು. ನಮ್ಮನ್ನೇ ಎತ್ಕೋ ಅಂತಿದೆ ಕಣ್ರೋ ಮಗು, ಎಂದು ಒಬ್ಬರು ಬರೆದರು. ಕ್ಯಾಮೆರಾ ಯಾಕೋ ನಡುಗಿತು. ಮೊದಲು ಆ ಕ್ಯಾಮೆರಾ ಹಿಡಿಯುವವರನ್ನು ಬದಲಾಯಿಸಿ ಅಣ್ಣಾ, ಎಂದು ಇನ್ನೊಬ್ಬರು ಬುದ್ಧಿ ಹೇಳಿದರು.

ದೋಣಿ ನಿಂತಿತು. ಕ್ಯಾಮೆರಾದವಳು ಮೊದಲು ಇಳಿದು ಮೂಲೆಯಲ್ಲಿ ನಿಂತಳು. ಅತ್ತಿಗೆ ಮೆಟ್ಟಿಲ ಬುಡದಲ್ಲಿ ಮಂಡಿಯೂರಿ ಎರಡೂ ತೋಳು ತೆರೆದಳು. ಇನ್ನೇನು, ಹೆಬ್ಬಾಗಿಲಿಗೆ ಹೇಳಿ ಮಾಡಿಸಿದಂಥ ಚಿತ್ರ. ಪುಟ್ಟಿ ತೂರಾಡುತ್ತ ಬಂದಳು. ಪಾಪ, ರೂಲ್ಸ್ ಮರೆತಿರಲಿಲ್ಲ. ಟೋಪಿಯ ಹತ್ತಿರವೇ ಹೋಗಿ, ಬೆಳಗ್ಗೆ ತಿಂದದ್ದನ್ನೆಲ್ಲ ಆ ಬಿಳಿ ಉಡುಪಿನ ಮೇಲೆ ಕಕ್ಕಿಬಿಟ್ಟಳು.

“ಛೀ! ಯಾರಾದ್ರೂ ಇದನ್ನ ಆ ಕಡೆ ತಗೊಂಡು ಹೋಗ್ರಿ!” ಅತ್ತಿಗೆ ಮಗುವನ್ನು ದೂಡಿ ಹಿಂದಕ್ಕೆ ಹಾರಿದಳು. ನಗು ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಮ್ಯಾನೇಜರು ಫೋನಿನಿಂದ ತಲೆಯೆತ್ತಿದ. ಪುಟ್ಟಿ ಸುತ್ತಲೂ ನೋಡಿದಳು. ಚಾಕೊಲೇಟು, ರೂಲ್ಸು, ಎಲ್ಲ ತಲೆಯಿಂದ ಹಾರಿಹೋಗಿತ್ತು. “ಅಮ್ಮಾ!” ಎಂದು ಚೀರುತ್ತ, ಅತ್ತಿಗೆಯನ್ನು ದಾಟಿ, ಅಪ್ಪನನ್ನು ದಾಟಿ, ನೇರ ಕ್ಯಾಮೆರಾದ ಕಡೆಗೇ ಓಡಿದಳು.

“ಆಫ್ ಮಾಡೇ! ಮೊದಲು ಅದನ್ನ ಆಫ್ ಮಾಡು!” ಯಜಮಾನ ಕೂಗಿದ.

ಕ್ಯಾಮೆರಾದವಳು ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಮೊಟ್ಟಮೊದಲ ವಿಡಿಯೋದೊಂದಿಗೆ ಅಳಿಸಿಹೋಗಿದ್ದ ತನ್ನ ಕಳೆಯಿಲ್ಲದ ಮುಖದ ಕಡೆಗೆ ಕ್ಯಾಮೆರಾ ತಿರುಗಿಸಿದಳು.