ಮೂರನೆಯ ಹಾಡಿನ ನಡುಕ

ಮುದುಕಿಯ ಕೈ ಚೀಲದೊಳಗೆ ಹೋಯಿತು. ಅರ್ಗಿರಿಸ್ ತಟ್ಟನೆ ಟೇಪ್ ನಿಲ್ಲಿಸಿದ.

“ಏನು ತೆಗೀತಿದೀರಾ ಮೇಡಂ?”

“ಕರವಸ್ತ್ರ.”

ಬಂದದ್ದು ಕರವಸ್ತ್ರವೇ. ಆದರೂ ಅವನ ಅನುಮಾನ ಹೋಗಲಿಲ್ಲ. ಚೀಲದಲ್ಲಿ ಫೋನೂ ಇರಬಹುದು, ಕದ್ದು ರೆಕಾರ್ಡ್ ಮಾಡುತ್ತಲೂ ಇರಬಹುದು.

ಗ್ರೀಸಿನ ಥೆಸಲೋನಿಕಿಯ ಹಳೇ ಸಾಮಾನಿನ ಬಜಾರಿನಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. ರಿಪೇರಿ ನೆಪ, ಫ್ರೋಸೋ ವರ್ದಾಕಿಯ ಜಪ. ಆ ಮಹಾ ಗಾಯಕಿ ಹಾಡು ಬಿಟ್ಟು ಕಣ್ಮರೆಯಾಗಿ ನಲವತ್ತು ವರ್ಷಗಳ ಮೇಲಾಗಿತ್ತು. ಸತ್ತಳೆಂದು ಕೆಲವರು, ಮಠ ಸೇರಿದಳೆಂದು ಕೆಲವರು. ಆಕೆಯ ಕಛೇರಿಗಳ ಟೇಪು ಹುಡುಕಿ ಕೂಡಿಡುವವರ ಬಳಗವೊಂದು ಊರಲ್ಲಿತ್ತು. ಅದರಲ್ಲಿ ಅರ್ಗಿರಿಸ್‌ಗೂ ಮೀನಂಗಡಿಯ ಝಿಸಿಸ್‌ಗೂ ಹಾವು ಮುಂಗುಸಿಯ ನಂಟು.

ಹೊಸದಾಗಿ ಸಿಕ್ಕ ಕಛೇರಿ ತಂದವನ ಹೆಸರಲ್ಲೇ ಉಳಿಯಬೇಕು ಎಂಬುದು ಬಳಗದ ಕಟ್ಟಳೆ. ಆದರೆ ಮೂಲ ಟೇಪು ಇನ್ನೊಬ್ಬನಿಗೆ ಸಿಕ್ಕಿ, ಅವನು ಅದರಿಂದ ಇನ್ನೂ ಸ್ಪಷ್ಟವಾದ ಪ್ರತಿ ತೆಗೆದರೆ, ಹೆಸರು ಅವನ ಪಾಲು. ಹಾಗಾಗಿ ತಮ್ಮ ಪ್ರತಿ ಸಿದ್ಧವಾದೊಡನೆ ಮೂಲವನ್ನು ಅಳಿಸಿಬಿಡುವುದು ಎಲ್ಲರೂ ಮಾಡುವ, ಯಾರೂ ಒಪ್ಪಿಕೊಳ್ಳದ ಕೆಲಸ.

ಈಗ ಅವನ ಬಳಿ ಇದ್ದದ್ದು ವೊಲೊಸ್ ಊರಿನ ಕಛೇರಿ. ರಂಗಮಂದಿರದಲ್ಲಿ ಮೈಕು ನೋಡಿಕೊಳ್ಳುತ್ತಿದ್ದವನ ವಿಧವೆಯ ಅಟ್ಟದಲ್ಲಿ ಸಿಕ್ಕಿತ್ತು. ಆ ದಿನ ಮೂರನೆಯ ಹಾಡಿನ ನಡುವೆ ಫ್ರೋಸೋಳ ಗಂಟಲು ಒಮ್ಮೆ ನಡುಗಿತಂತೆ. ಅಲ್ಲಿದ್ದವರು ಹೇಳಿ ಹೇಳಿ ಅದು ದಂತಕಥೆಯಾಗಿತ್ತು. ಪ್ರೇಮಭಂಗ ಅಂದರು, ಊಝೋ ಸಾರಾಯಿ ಜಾಸ್ತಿಯಾಗಿತ್ತು ಅಂದರು, ಅದೇ ಕಲೆಯ ಶಿಖರ ಅಂದರು. ಟೇಪು ಸಿಕ್ಕ ಸುದ್ದಿ ಊರ ಪತ್ರಿಕೆಯಲ್ಲಿ ನಾಲ್ಕು ಸಾಲಾಗಿ ಬಂತು. ಅದರ ಬೆನ್ನಿಗೇ ಈ ಮುದುಕಿ ಬಂದಳು.

ಬಂದಾಗಲೆಲ್ಲ ಮೂರನೆಯ ಹಾಡೇ ಬೇಕು. ಅದರಲ್ಲೂ ನಡುಕದ ಜಾಗ.

“ಇನ್ನೊಂಚೂರು ಹಿಂದೆ ಹಾಕಿ,” ಎಂದಳು. ಗಂಟಲಿಗೆ ಆಪರೇಷನ್ ಆಗಿದೆಯಂತೆ; ಮಾತು ಬರೀ ಉಸಿರು. ಕತ್ತಿಗೆ ಸ್ಕಾರ್ಫು ಸುತ್ತಿದ್ದಳು.

“ಏನು ನಡುಕ, ಅಲ್ವಾ? ಫ್ರೋಸೋ ಅಂದ್ರೆ ಫ್ರೋಸೋನೇ,” ಎಂದ ಅರ್ಗಿರಿಸ್. ನಕಲು ಮಾಡುವುದರಲ್ಲಿ ಅವನು ಅಸಲಿ ಕಲಾವಿದ. ಸೊಂಟಕ್ಕೆ ಕೈಯಿಟ್ಟು, ದನಿ ಎಳೆದು, ಫ್ರೋಸೋ ಆದ: “‘ಕುಡೀರಿ ಚಿನ್ನಗಳಾ, ಆದ್ರೆ ನಾನು ಹಾಡೋವಾಗ ಲೋಟ ಕುಕ್ಕಬೇಡಿ.’ ಹೀಗೇ ಮಾತಾಡ್ತಿದ್ದಳು.”

“ಹಾಗೆ ಮಾತಾಡ್ತಿರಲಿಲ್ಲ.”

“ಓಹೋ, ನೀವು ಕೇಳಿದೀರಾ?”

“ತಪ್ಪಿಸ್ಕೊಳ್ಳೋಕೆ ಆಗ್ತಿರಲಿಲ್ಲ,” ಎಂದಳು. ಟೇಪಿನತ್ತ ಬೆರಳು ತೋರಿ, “ಇದರದ್ದೊಂದು ಪ್ರತಿ ಮಾಡಿಕೊಡ್ತೀರಾ? ಹೇಗಿದೆಯೋ ಹಾಗೇ. ಏನೂ ತಿದ್ದಬೇಡಿ.”

ಅಲ್ಲಿಗೆ ಖಾತ್ರಿಯಾಯಿತು, ಈಕೆಯನ್ನು ಯಾರೋ ಕಳಿಸಿದ್ದಾರೆ. ಹಾಡಿನ ಮೇಲಿನ ಆಸೆಗೆ ಬಂದವರು ಚೊಕ್ಕ ಪ್ರತಿ ಕೇಳುತ್ತಾರೆ. ತಿದ್ದದ ಪ್ರತಿ ಬೇಕೆನ್ನುವವನು ಊರಲ್ಲಿ ಒಬ್ಬನೇ, ಅವನ ಮೈಯೆಲ್ಲ ಮೀನಿನ ವಾಸನೆ.

“ಭಾನುವಾರ ಬನ್ನಿ ಮೇಡಂ,” ಎಂದ ಅರ್ಗಿರಿಸ್, ಜೇನು ಸುರಿಯುವ ದನಿಯಲ್ಲಿ. “ಬಳಗದವರೆಲ್ಲ ಬರ್ತಾರೆ. ಅವರ ಮುಂದೆ ಕೇಳಿಸಿ, ಆಮೇಲೆ ನಿಮಗೆ ಕೊಡ್ತೀನಿ.”

ಆಕೆ ಹೋದದ್ದೇ ಬಾಗಿಲು ಹಾಕಿದ. ಟೇಪನ್ನು ಕಂಪ್ಯೂಟರಿಗೆ ಇಳಿಸಿದ, ಯಂತ್ರಕ್ಕೆ ಸಾಧ್ಯವಿದ್ದಷ್ಟು ಸೂಕ್ಷ್ಮವಾಗಿ. ಬಳಿಕ ಕಳೆ ಕೀಳತೊಡಗಿದ. ಕುರ್ಚಿಯ ಕಿರುಗುಟ್ಟುವಿಕೆ ಹೋಯಿತು. ಕೆಮ್ಮು ಹೋಯಿತು. ಲೋಟದ ಸದ್ದು, ಪರದೆಯ ಹಿಂದಿನ ಮಗುವಿನ ರಗಳೆ, ಯಾರದೋ ಸೀನು, ಎಲ್ಲ ಹೋದವು. ಉಳಿದದ್ದು ಫ್ರೋಸೋ ಮಾತ್ರ, ಕಿವಿಯ ಪಕ್ಕ ನಿಂತು ಹಾಡಿದಂತೆ. ತಿದ್ದದ ಫೈಲನ್ನು ಅಳಿಸಿದ. ಮೂಲ ಟೇಪಿನ ಮೇಲೆ ಅಯಸ್ಕಾಂತ ಆಡಿಸಿದ. ಝಿಸಿಸ್‌ಗೆ ಇನ್ನು ಮೀನೇ ಗತಿ.

ಭಾನುವಾರ ಅಂಗಡಿ ತುಂಬಿತು. ಮುದುಕಿ ಮೂಲೆಯ ಸ್ಟೂಲಿನ ಮೇಲೆ ಕೂತಳು. ಝಿಸಿಸ್ ಅವಳತ್ತ ನೋಡಲೂ ಇಲ್ಲ. ಎಂಥ ನಟನೆ ಎಂದುಕೊಂಡ ಅರ್ಗಿರಿಸ್.

ಮೂರನೆಯ ಹಾಡು. ನಡುಕ ಬಂತು, ಒಂಟಿಯಾಗಿ, ಬೆತ್ತಲೆಯಾಗಿ.

“ಏನು ಮಾಡಿಬಿಟ್ಟೆಯಪ್ಪಾ ಅರ್ಗಿರಿ,” ಎಂದ ಝಿಸಿಸ್, ಕಣ್ಣೊರೆಸಿಕೊಳ್ಳುತ್ತ. “ಒಪ್ಪಿದೆ. ಇದು ನಿನ್ನದೇ.”

ಮೂಲೆಯಿಂದ ಆ ಉಸಿರಿನ ದನಿ ಬಂತು. “ಅಲ್ಲಿ ಇನ್ನೊಂದು ದನಿ ಇತ್ತಲ್ಲ?”

“ಗಲಾಟೆನಾ? ಎಲ್ಲ ತೆಗೆದೆ ಮೇಡಂ.”

“ಹಳೇ ಟೇಪು?”

“ಅದೂ ಇಲ್ಲ, ಅಳಿಸಿದೆ,” ಎಂದು ಝಿಸಿಸ್ ಕಡೆ ಕಣ್ಣು ಹೊಡೆದ. “ಕಳಿಸಿದವರಿಗೆ ಹೇಳಿಬಿಡಿ.”

“ಯಾರನ್ನ ಕಳಿಸಿದ್ದು? ಈಕೆ ಯಾರೋ ನಂಗೊತ್ತಿಲ್ಲ ಮಾರಾಯ,” ಎಂದ ಝಿಸಿಸ್.

ಮುದುಕಿ ತುಂಬ ಹೊತ್ತು ಸ್ಪೀಕರನ್ನೇ ನೋಡಿದಳು. ಕೋಪವಿರಲಿಲ್ಲ. ದಾರಿ ತಪ್ಪಿ ಬಂದು ಬೇರೆಯವರ ಬಾಗಿಲು ತಟ್ಟಿದವಳ ಹಾಗಿದ್ದಳು.

“ಹಾಡೋಳಿಗೆ ಮದುವೆ ಆಗಿಲ್ಲ ಅಂತ ಪೋಸ್ಟರ್ ಹಾಕಿದ್ರು ಕಂಪನಿಯೋರು,” ಎಂದಳು. “ಅದಕ್ಕೆ ಮಗೂನ ಅಕ್ಕನ ಮನೇಲಿಟ್ಟು, ನನ್ನನ್ನ ಚಿಕ್ಕಮ್ಮ ಅಂತ ಕರಿಯೋಕೆ ಕಲಿಸಿದ್ವಿ. ಚೆನ್ನಾಗಿ ಕಲಿತಳು. ಈ ಚಳಿಗಾಲದಲ್ಲಿ ಆಸ್ಪತ್ರೇಲಿ ಕಣ್ಣು ಮುಚ್ಚೋವಾಗ್ಲೂ ಚಿಕ್ಕಮ್ಮ ಅಂತ್ಲೇ ಕರೆದಳು.”

ಚೀಲದಿಂದ ಕರವಸ್ತ್ರ ತೆಗೆದಳು.

“ವೊಲೊಸ್‌ನಲ್ಲಿ ಅಕ್ಕನ ಜೊತೆ ಕಛೇರಿಗೆ ಬಂದಿದ್ದಾಗ ಒಂದೇ ಸಲ ಮರೆತು, ಪರದೆ ಹಿಂದಿಂದ ‘ಅಮ್ಮಾ’ ಅಂದಳು, ನಾನು ಹಾಡ್ತಿದ್ದೆ, ತಿರುಗಿ ನೋಡೋಕಾಗಲಿಲ್ಲ.”