ಇವತ್ತಿನ ಮಟ್ಟಿಗೆ ಬ್ರಿನ್

"ಜೋಸೀ!" ಎಂದು ಕೋರಿನ್ ಮತ್ತೆ ಕೂಗಿದಳು. ಸ್ಪ್ರೂಸ್ ಮರಗಳ ಕಾಡು ಓಗೊಡಲಿಲ್ಲ. ಹಿಮ ಒಂದೇ ಸಮನೆ ಸುರಿಯುತ್ತಿತ್ತು, ಮೂರು ಗಂಟೆಗೇ ಬೆಟ್ಟದ ಈ ಮಗ್ಗುಲು ಮಂಕಾಗತೊಡಗಿತ್ತು. ತಿರುವಿನವರೆಗೂ ಅಮ್ಮನ ಬೆನ್ನಿಗೇ ಸ್ಕೀ ಹಲಗೆಗಳ ಮೇಲೆ ಜಾರಿಕೊಂಡು ಬಂದಿದ್ದ ಏಳು ವರ್ಷದ ಮಗಳು, ಕೋರಿನ್ ತಿರುವು ದಾಟಿ ಹಿಂತಿರುಗಿ ನೋಡಿದರೆ ಇಲ್ಲ.

ಜೊತೆಯಲ್ಲಿ ಹುಡುಕುತ್ತಿದ್ದವನು ಬೆಟ್ಟದ ಕಾವಲು ಪಡೆಯ ಆರ್ಲೋ. ಕೆಂಪು ಕೋಟಿನ ಮುದುಕ, ದಪ್ಪ ದನಿ. ಅವನೂ ಜೋಸಿ, ಜೋಸಿ ಎಂದು ಕೂಗಿ ಸಾಕಾಗಿ, ಈಗ ಒಂದೊಂದೇ ಮರದ ಬುಡವನ್ನು ಕೋಲಿನಿಂದ ತಿವಿದು ನೋಡತೊಡಗಿದ್ದ. ಯಾಕೆಂದು ಅವನು ಹೇಳಲಿಲ್ಲ. ಕೋರಿನ್ ಇದೇ ಊರಲ್ಲಿ ಹುಟ್ಟಿದವಳು, ಹೇಳಬೇಕಾಗಿಯೂ ಇರಲಿಲ್ಲ. ಕೊಂಬೆಗಳಡಿ ಹಿಮ ಪೊಳ್ಳಾಗಿರುತ್ತದೆ. ಆ ಗುಂಡಿಗೆ ಜಾರಿದವರ ಮೇಲೆ ಕೊಂಬೆಯ ಹಿಮ ಕುಸಿದುಬಿದ್ದರೆ ಉಸಿರುಕಟ್ಟಲು ಹೆಚ್ಚು ಹೊತ್ತು ಬೇಡ.

"ಎಚ್ಚರ ಇರೋ ಮಗು ಅಮ್ಮನ ದನಿಗೆ ಓಗೊಡದೆ ಇರಲ್ಲ ಕಣಮ್ಮಾ," ಎಂದ ಆರ್ಲೋ, ಅವಳ ಮುಖ ನೋಡದೆ. "ಪಾಸಲ್ಲಿರೋ ಪೂರ್ತಿ ಹೆಸರು ಹೇಳು. ಲಿಫ್ಟ್ ಯಾವಾಗ ಹತ್ತಿದ್ಲು ಅಂತ ಕೆಳಗಿನೋರು ನೋಡಿ ಹೇಳ್ತಾರೆ."

ಜೋಸಿಯ ಕೊರಳಲ್ಲಿದ್ದದ್ದು ಜೋಸಿಯ ಪಾಸಲ್ಲ, ಅವಳ ಗೆಳತಿ ಬ್ರಿನ್‌ಳದು. ಬ್ರಿನ್‌ಳ ತಾಯಿ ಇವೆಟ್‌ಗೆ ಬೆಟ್ಟ ಹತ್ತಿಸುವ ಲಿಫ್ಟಿನ ಕುರ್ಚಿಗಳಲ್ಲಿ ಜನರನ್ನು ಕೂರಿಸುವ ಕೆಲಸ, ಅಲ್ಲಿ ದುಡಿಯುವವರ ಮಕ್ಕಳಿಗೆ ಪಾಸು ಪುಕ್ಕಟೆ. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಕೋರಿನ್ ತನಗೊಂದು ಟಿಕೆಟ್ ಹೊಂದಿಸುವಷ್ಟರಲ್ಲೇ ಹೈರಾಣಾಗಿದ್ದಳು, ಮಗಳದ್ದು ಆಗದ ಮಾತು. ಕೋರಿನ್‌ಗೆ ಅವಳ ಅಪ್ಪ ಸ್ಕೀ ಕಲಿಸಿದ್ದು ಇದೇ ಇಳಿಜಾರಿನಲ್ಲಿ, ಆಗ ಟಿಕೆಟ್ಟಿನ ಬಗ್ಗೆ ಯಾರೂ ಎರಡು ಸಲ ಯೋಚಿಸುತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ಹುಟ್ಟಿದ ಮಗು ಬೆಟ್ಟವನ್ನು ಕಿಟಕಿಯಿಂದ ನೋಡಿಕೊಂಡೇ ಬೆಳೆಯಬೇಕೇ ಎಂದು ಹೊಟ್ಟೆ ಉರಿದು ಇವೆಟ್‌ಳನ್ನು ಕೇಳಿಕೊಂಡಿದ್ದಳು. ಹೆಲ್ಮೆಟ್ಟು, ಕನ್ನಡಕ ಹಾಕಿದರೆ ಯಾವ ಮಗು ಯಾವುದೋ. ಸಿಕ್ಕಿಬಿದ್ದರೆ ನನ್ನ ಕೆಲಸ ಹೋಗುತ್ತೆ, ಸತ್ತರೂ ಬಾಯಿಬಿಡಬೇಡ ಎಂದು ಇವೆಟ್ ಆಣೆ ಹಾಕಿಸಿಕೊಂಡಿದ್ದಳು.

"ಜೋಸಿ ತಿಬೋ," ಎಂದಳು ಕೋರಿನ್.

ಆರ್ಲೋ ವಾಕಿಟಾಕಿಯಲ್ಲಿ ಹೆಸರು ಹೇಳಿ ಕಾದ. ಅದು ಗೊರಗೊರ ಎಂದು ಏನೋ ಹೇಳಿತು. ಅವನು ಈಗ ಅವಳ ಮುಖವನ್ನೇ ನೋಡಿದ. "ಆ ಹೆಸರಿನೋರು ಇವತ್ತು ಬೆಟ್ಟಾನೇ ಹತ್ತಿಲ್ವಂತೆ."

ಆಗ ಕೋರಿನ್‌ಗೆ ಬೆಳಿಗ್ಗೆ ಕಾರಿನಲ್ಲಿ ಆಡಿದ ಆಟ ನೆನಪಾಯಿತು. ಇವತ್ತಿನ ಮಟ್ಟಿಗೆ ನೀನು ಬ್ರಿನ್ ಎಂದು ಹೇಳಿಕೊಟ್ಟು, ದಾರಿಯುದ್ದಕ್ಕೂ ಮಾತಿನ ನಡುವೆ ಥಟ್ಟನೆ ಜೋಸೀ ಎಂದು ಕರೆದು ಪರೀಕ್ಷೆ ಮಾಡಿದ್ದಳು. ತಿರುಗದಿದ್ದರೆ ಒಂದು ಮೇಪಲ್ ಮಿಠಾಯಿ. ಮೊದಲೆರಡು ಸಲ ತಿರುಗಿದ ಮಗು ಆಮೇಲೆ ಕಲ್ಲಾಗಿ ಕೂರುವುದನ್ನು ಕಲಿತಿತ್ತು. ಕೆಂಪು ಕೋಟಿನವರು ಹತ್ತಿರ ಇದ್ದರಂತೂ, ಅಪ್ಪಿತಪ್ಪಿ ನಾನೇ ಕರೆದರೂ ಮಿಸುಕಬೇಡ ಎಂದು ಕೊನೆಗೆ ಹೇಳಿದವಳೂ ಅವಳೇ. ಎಂಥ ತಾಯಿ ನಾನು ಎಂದುಕೊಂಡಳು. ಇವೆಟ್‌ಳ ಮುಖ ಒಂದು ಗಳಿಗೆ ಕಣ್ಣಮುಂದೆ ಬಂತು, ಹೋಯಿತು.

"ಬ್ರಿನ್!" ಎಂದು ಗಂಟಲು ಹರಿಯುವಂತೆ ಕೂಗಿದಳು. "ಬ್ರಿನ್!"

"ಇಲ್ಲಿದ್ದೀನಿ."

ದನಿ ಬಂದದ್ದು ಹಿಂದಿನಿಂದ, ಅವರು ಆಗಲೇ ಎರಡು ಸಲ ಹಾದುಹೋಗಿದ್ದ ಮರದ ಬುಡದಿಂದ. ಹದಿನೈದು ಹೆಜ್ಜೆಯೂ ಇರಲಿಲ್ಲ. ಆರ್ಲೋ ಮೊಣಕಾಲೂರಿ ಕೊಂಬೆಯನ್ನು ಎತ್ತಿ ಹಿಡಿದ, ಕೋರಿನ್ ಬರಿಗೈಯಲ್ಲೇ ಹಿಮ ಗೋರಿದಳು. ಎದೆಮಟ್ಟ ಹೂತಿದ್ದ ಹುಡುಗಿಯ ತುಟಿ ನೀಲಿಗಟ್ಟಿತ್ತು. ಅಮ್ಮ ಅವಳನ್ನು ಎಳೆದು ಅಪ್ಪಿಕೊಂಡು ಅಳುತ್ತಿದ್ದರೆ, ಹುಡುಗಿ ಕೆಂಪು ಕೋಟಿನವನಿಗೆ ಕೇಳಿಸದಂತೆ ಅವಳ ಕಿವಿಗೆ ಬಾಯಿಟ್ಟಳು.

"ನೀನು ಎಷ್ಟೊಂದ್ ಸಲ ಕೂಗ್ದೆ. ಇವರೂ ಪಕ್ಕದಲ್ಲೇ ಬಂದು ಕೂಗಿದ್ರು. ನಾನು ಉಸಿರೇ ಬಿಡ್ಲಿಲ್ಲ ಅಮ್ಮಾ."