ದೂರದ ಗುರಿ

ಬೇಟೆಗೆ ಹೊರಡುವ ಮುಂಚೆ ಧಣಿಗಳು ಕೇಪಿನ ಕೋವಿಯ ಹೊಸ ಸಾಮಾನುಗಳನ್ನು ಜಗಲಿಯ ಮೇಲೆ ಹರವಿ ಕೂತಿದ್ದರು. ಪೊದೆ ಬಡಿದು ಹಂದಿ ಎಬ್ಬಿಸಬೇಕಾದ ಐತ ಅಂಗಳದಲ್ಲಿ ನಿಂತಿದ್ದ.

"ಹೋದ ವರ್ಷದ ಉಂಡೆ ಗುಂಡು ಬರೀ ದಂಡ ಮಾರಾಯ. ಈ ಚೂಪು ಮೂತಿಯದ್ದು ನೋಡು, ನೂರು ಮಾರು ಆಚೆಗಿರೋ ಹಂದೀನೂ ಮಲಗಿಸುತ್ತೆ."

"ಮದ್ದು, ಧಣಿ?"

"ಅಳೆದು ತುಂಬೋಕೆ ಹಿತ್ತಾಳೆ ಅಳತೆ ತಂದಿದ್ದೀನಿ. ಗುರಿ ನೋಡೋಕೆ ದುರ್ಬೀನು ಬೇರೆ! ಇನ್ನೇನು ಬೇಕೋ ನಿನಗೆ?"

ಕೈಗೆ ಕೈ ತಾಗದಂತೆ ದುರ್ಬೀನನ್ನು ಜಗಲಿಯಂಚಿಗೆ ತಳ್ಳಿದರು. ಐತ ಎತ್ತಿ ಕಣ್ಣಿಗಿಟ್ಟುಕೊಂಡು ಧಣಿಗಳನ್ನೇ ನೋಡಿದ. ಬರೀ ಹೊಟ್ಟೆ ಕಂಡಿತು.

"ಭೇಷಾಗಿದೆ ಧಣಿ. ಇದರಲ್ಲಿ ನೋಡಿದ್ರೆ ನಾವು ಹಂದಿ ಥರ ಕಾಣಲ್ಲ ತಾನೇ? ಹೋದ ವರ್ಷ ಪೊದೆ ಬಡೀತಿದ್ದ ನಮ್ಮಣ್ಣ ನಿಮ್ಮಿಂದ ಹತ್ತೇ ಮಾರು ದೂರದಲ್ಲಿದ್ದ."